40 ನಿಮಿಷದ ಸೀಸನ್

ನಮ್ಮ ಕಬಡ್ಡಿ ತಂಡದಲ್ಲಿ ಯಾರನ್ನೂ ಹೆಸರು ಹಿಡಿದು ಕರೆಯುವುದಿಲ್ಲ. ಎಚ್.ಡಿ. ಕೋಟೆಯವನು ‘ಕೋಟೆ’, ಕೆ.ಆರ್. ನಗರದವನು ‘ನಗರ’, ಪಿರಿಯಾಪಟ್ಟಣದವನು ‘ಪಟ್ಣ’, ನಾನು ‘ಹುಣ್ಸೂರು’. ಮೈಸೂರಿನ ಎಂಜಿನಿಯರಿಂಗ್ ಕಾಲೇಜೊಂದರ 12 ಜನರ ತಂಡದಲ್ಲಿ ಎಂಟು ಮಂದಿ ಈ ನಾಲ್ಕು ತಾಲ್ಲೂಕಿನವರೇ. ಇದೇನೂ ಆಶ್ಚರ್ಯವಲ್ಲ. ನಮ್ಮ ಕಡೆ ಗಣೇಶನ ಹಬ್ಬಕ್ಕೋ ರಾಜ್ಯೋತ್ಸವಕ್ಕೋ ಹೊನಲು ಬೆಳಕಿನ ಕಬಡ್ಡಿ ಇದ್ದೇ ಇರುತ್ತದೆ. ನಾವೆಲ್ಲ ಕಲಿತದ್ದು ಅಲ್ಲೇ. ಕಾಲೇಜಿಗೆ ಬರುವ ಹೊತ್ತಿಗೆ ಮೊಣಕೈ, ಮಂಡಿಯ ಚರ್ಮ ಮೂರ್ನಾಲ್ಕು ಸಲ ಸುಲಿದು ಮತ್ತೆ ಬಂದಿತ್ತು.

ಸೀಸನ್ ಅಂದರೆ ಪ್ರೊ ಕಬಡ್ಡಿಯಂತೆ ತಿಂಗಳುಗಟ್ಟಲೆ ನಡೆಯುವ ಲೀಗ್ ಅಂದುಕೊಳ್ಳಬೇಡಿ. ವಿಟಿಯು ಅಂತರ ಕಾಲೇಜು ಟೂರ್ನಿಯಲ್ಲಿ ನಮ್ಮಂಥವರು ಆಡುವುದು ವಲಯ ಮಟ್ಟದಲ್ಲಿ. ಅದು ನಾಕೌಟ್. ಸೋತರೆ ಅವತ್ತೇ ಬ್ಯಾಗು ಹೆಗಲಿಗೆ. ಒಂದು ಪಂದ್ಯಕ್ಕೆ 20 ನಿಮಿಷದ ಎರಡು ಅವಧಿ, ಮಧ್ಯೆ 5 ನಿಮಿಷ ಬಿಡುವು. ವರ್ಷಪೂರ್ತಿ ಬೆವರು ಸುರಿಸಿದ ತಂಡದ ಸೀಸನ್ 40 ನಿಮಿಷಕ್ಕೆ ಮುಗಿಯಬಹುದು. ನಾನು ಕಾಲೇಜಿಗೆ ಸೇರಿದ ಮೊದಲ ವರ್ಷ ನಮ್ಮದು ಹಾಗೇ ಮುಗಿದಿತ್ತು.

ಎಂ.ಎಸ್. ಓದಲು ಅಮೆರಿಕಕ್ಕೆ ಹೋದ ಸೀನಿಯರ್ ಒಬ್ಬರು ನಮ್ಮ ವಾಟ್ಸ್‌ಆ್ಯಪ್ ಗುಂಪಿಗೆ ಅಲ್ಲಿನ ಕಾಲೇಜು ಫುಟ್‌ಬಾಲ್ ವಿಡಿಯೊ ಕಳಿಸಿದ್ದರು. ಹೆಲ್ಮೆಟ್ ಹಾಕಿಕೊಂಡು ಗುದ್ದಾಡುವ ಆಟ. ಅದರಲ್ಲೂ ‘ಡಿವಿಷನ್ 3’ ಎಂಬ ಕೆಳಗಿನ ಮೆಟ್ಟಿಲು ಇದೆ. ಅಲ್ಲಿ ಆಟಕ್ಕೆಂದು ಸ್ಕಾಲರ್‌ಶಿಪ್ ಕೊಡುವಂತಿಲ್ಲ, ಓದಿಕೊಂಡೇ ಆಡಬೇಕು. ಆದರೂ ತಂಡವೊಂದಕ್ಕೆ ಸುಮಾರು 10 ಲೀಗ್ ಪಂದ್ಯ ಸಿಗುತ್ತವೆ. ಆಮೇಲೆ ಪ್ಲೇಆಫ್. 2024ರಿಂದ ಅದಕ್ಕೆ 40 ತಂಡ ತೆಗೆದುಕೊಳ್ಳುತ್ತಾರಂತೆ. ವಿಡಿಯೊ ನೋಡಿದ ಪಟ್ಣ ಕೇಳಿದ್ದು ಒಂದೇ ಪ್ರಶ್ನೆ: ‘ಹತ್ತು ಪಂದ್ಯ ಗ್ಯಾರಂಟಿನಾ? ಒಂದು ಸೋತ್ರೂ ಮನೆಗ್ ಕಳ್ಸಲ್ವಾ?’ ನಾವು ಶುರು ಮಾಡುವುದೇ ಪ್ಲೇಆಫ್‌ನಿಂದ.

ನಮ್ಮ ಅಭ್ಯಾಸದ ಕಥೆ ಸ್ವಲ್ಪ ಹೇಳಬೇಕು. ಬೆಳಿಗ್ಗೆ ಆರಕ್ಕೆ ಬನ್ನಿ ಅಂತ ಪಿ.ಇ. ಸರ್ ಹೇಳಿದರೆ ಹಾಸ್ಟೆಲ್‌ನವರು ಬರಬಹುದು. ಪಾಸ್ ಇಟ್ಟುಕೊಂಡು ದಿನಾ ಓಡಾಡುವವರು? ಹುಣಸೂರಿನಿಂದ ಮೈಸೂರಿಗೆ ಸುಮಾರು 45 ಕಿ.ಮೀ., ಪಿರಿಯಾಪಟ್ಟಣದಿಂದ ಇನ್ನೂ 20 ಹೆಚ್ಚು. ಸಂಜೆ ಇಟ್ಟುಕೊಂಡರೆ ಕೋಟೆ ಕಡೆಯವರಿಗೆ ಬಸ್ಸಿನ ಚಿಂತೆ. ತಾಲ್ಲೂಕು ಕೇಂದ್ರದಲ್ಲಿ ಇಳಿದ ಮೇಲೂ ಕಾಡಂಚಿನ ಊರಿಗೆ ಹೋಗಬೇಕು, ಕತ್ತಲಾದರೆ ಆನೆ ಭಯ. ನಗರನಿಗೆ ಮಾತ್ರ ರೈಲು ಉಂಟು, ಅವನದು ರಾಜಯೋಗ. ಕೊನೆಗೆ ಮಧ್ಯಾಹ್ನ ಊಟದ ಬಿಡುವು ಮತ್ತು ಲ್ಯಾಬ್ ಇಲ್ಲದ ದಿನ ಕೊನೆಯ ಒಂದು ಗಂಟೆ ಅಂತ ತೀರ್ಮಾನವಾಯಿತು. ಉರಿಬಿಸಿಲಲ್ಲಿ ಅನ್ನ ತಿನ್ನದೆ ಆಡಿ, ಆಮೇಲೆ ಬಾಳೆಹಣ್ಣು ತಿಂದು ಸಿಗ್ನಲ್ಸ್ ಕ್ಲಾಸಿಗೆ ಕೂರುವುದು.

ಇದರ ಮೇಲೆ ಹೊಗೆಸೊಪ್ಪು. ಹುಣಸೂರು, ಪಿರಿಯಾಪಟ್ಟಣದ ಕಡೆ ಜುಲೈಯಿಂದ ಬ್ಯಾರನ್‌ಗೆ ಸೌದೆ ಹಾಕುವ ಕಾಲ. ಸೊಪ್ಪು ಹದವಾಗುವವರೆಗೆ ರಾತ್ರಿಯಿಡೀ ಬೆಂಕಿ ನೋಡಿಕೊಳ್ಳಬೇಕು. ಶಾಖ ಹೆಚ್ಚು ಕಡಿಮೆಯಾದರೆ ಹರಾಜು ಕಟ್ಟೆಯಲ್ಲಿ ಗ್ರೇಡ್ ಬಿತ್ತು ಅಂತಲೇ ಅರ್ಥ, ನಮ್ಮ ಕಾಲೇಜು ಫೀಸೂ ಬಿತ್ತು. ಪಟ್ಣ ಅಪ್ಪನ ಜೊತೆ ಪಾಳಿ ಮೇಲೆ ಎದ್ದಿದ್ದು, ಕಣ್ಣು ಕೆಂಪಗೆ ಮಾಡಿಕೊಂಡು ಅಭ್ಯಾಸಕ್ಕೆ ಬರುತ್ತಿದ್ದ. ‘ಮಲ್ಕೊ ಹೋಗ್ಲಾ’ ಅಂದರೆ, ‘ಕವರ್‌ನಲ್ಲಿ ಯಾರ್ ನಿಂತ್ಕೋತಾರೆ, ನಿಮ್ಮಪ್ಪನಾ?’ ಅನ್ನುತ್ತಿದ್ದ.

ಇನ್ನೊಂದು ತೊಡಕು ಮ್ಯಾಟ್. ನಮ್ಮ ಕಾಲೇಜಿನಲ್ಲಿ ಅದಿಲ್ಲ. ಮಣ್ಣಿನ ಮೇಲೆ ಸುಣ್ಣದ ಗೆರೆ ಎಳೆದು ಆಡುತ್ತೇವೆ. ಟೂರ್ನಿ ನಡೆಯುವುದು ಮ್ಯಾಟ್ ಮೇಲೆ. ಎರಡೂ 13 ಮೀಟರ್ ಉದ್ದ, 10 ಮೀಟರ್ ಅಗಲದ ಅಂಕಣವೇ, ಆದರೆ ಆಟ ಬೇರೆ. ಮಣ್ಣಿನಲ್ಲಿ ಬರಿಗಾಲು ಜಾರುತ್ತದೆ. ರೈಡರ್ ತಿರುಗುವಷ್ಟರಲ್ಲಿ ಹಿಡಿಯುವವನಿಗೆ ಅರೆಕ್ಷಣ ಸಿಗುತ್ತದೆ. ಮ್ಯಾಟ್ ಮೇಲೆ ಶೂ ಗಕ್ಕನೆ ಕಚ್ಚಿಕೊಳ್ಳುತ್ತದೆ, ರೈಡರ್ ಕಣ್ಣು ಮಿಟುಕಿಸುವುದರಲ್ಲಿ ಮಧ್ಯಗೆರೆ ದಾಟಿರುತ್ತಾನೆ. ಮಣ್ಣಲ್ಲಿ ಕಲಿತ ಆಂಕಲ್ ಹೋಲ್ಡ್ ಅಲ್ಲಿ ಗಾಳಿಯನ್ನು ಹಿಡಿಯುತ್ತದೆ. ಟೂರ್ನಿಗೆ ಒಂದು ವಾರ ಮುಂಚೆ ಬೇರೆ ಕಾಲೇಜಿನ ಮ್ಯಾಟ್ ಮೇಲೆ ಎರಡು ಸಂಜೆ ಆಡಲು ಸರ್ ಅನುಮತಿ ತಂದರು. ನಮ್ಮ ಪಾಲಿನ ಕೋಚಿಂಗ್ ಕ್ಯಾಂಪ್ ಅಷ್ಟೇ.

ಕಳೆದ ಸೀಸನ್‌ನ ಮೊದಲ ಪಂದ್ಯ ಸುಲಭವಾಗಿ ಗೆದ್ದೆವು. ಎದುರಾಳಿಗಳೂ ಮಣ್ಣಿನವರೇ. ಕ್ವಾರ್ಟರ್‌ಫೈನಲ್ ಮಾತ್ರ ಇವತ್ತಿಗೂ ಹಾಸ್ಟೆಲ್‌ನಲ್ಲಿ ಚರ್ಚೆಯ ವಿಷಯ. ಎರಡು ನಿಮಿಷ ಉಳಿದಾಗ ನಾವು 27–28ರಲ್ಲಿ ಹಿಂದಿದ್ದೆವು, ಅಂಕಣದಲ್ಲಿ ನಾಲ್ಕೇ ಜನ. ಎದುರಾಳಿಗಳು ಬುದ್ಧಿವಂತರು. 30 ಸೆಕೆಂಡಿನ ದಾಳಿಯನ್ನು ಪೂರ್ತಿ ಎಳೆದು, ಯಾರನ್ನೂ ಮುಟ್ಟದೆ, ಬಾಕ್ ಲೈನ್ ದಾಟಿ ವಾಪಸು ಹೋಗುತ್ತಿದ್ದರು. ಎರಡು ದಾಳಿ ಹೀಗೆ ಖಾಲಿ. ನಡುವೆ ನಮ್ಮ ನಗರ ಸಿಕ್ಕಿಬಿದ್ದ. 27–29, ಉಳಿದವರು ಮೂರು.

ಆದರೆ ಕಾಲ ಕಳೆಯುವುದಕ್ಕೂ ಈ ಆಟ ಬೆಲೆ ಕಟ್ಟಿದೆ. ಸತತ ಎರಡು ದಾಳಿ ಖಾಲಿ ಹೋದರೆ ಮೂರನೆಯದು ‘ಡು ಆರ್ ಡೈ’. ಅಂಕ ತರದೆ ಮರಳಿದರೆ ಔಟ್. ಅವರ ರೈಡರ್ ಈಗ ಒಳಗೆ ಬರಲೇಬೇಕು. ಮೂವರೇ ಇದ್ದು ಹಿಡಿದರೆ ಸೂಪರ್ ಟ್ಯಾಕಲ್, ಎರಡು ಅಂಕ. ಅವನು ನನ್ನ ಬಲ ಕಾರ್ನರ್ ಕಡೆಗೇ ಕಾಲು ಚಾಚಿದ. ಪಾದಕ್ಕೆ ಬಿದ್ದೆ. ಹಿಡಿತ ಇನ್ನೇನು ಬಿಟ್ಟಿತು ಅನ್ನುವಾಗ ಕವರ್‌ನಿಂದ ಪಟ್ಣ ಬಂದು ಡ್ಯಾಶ್ ಕೊಟ್ಟ. ನಿದ್ದೆಗೆಟ್ಟ ಕಣ್ಣಿನವನು ಅಷ್ಟು ಜೋರಾಗಿ ಬರುತ್ತಾನೆ ಅಂತ ನಾನೇ ಅಂದುಕೊಂಡಿರಲಿಲ್ಲ. 29–29.

ಕೊನೆಯ ದಾಳಿ ನಮ್ಮದು, ಹೋದದ್ದು ಕೋಟೆ. ಎದುರಿಗೆ ಈಗ ಆರು ಮಂದಿ. ಆರು ಜನರಿದ್ದರೆ ಬೋನಸ್ ಗೆರೆ ಜೀವಂತ ಎನ್ನುವುದು ಎಲ್ಲರಿಗೂ ಗೊತ್ತು, ಅವರಿಗೂ. ಆದರೂ ಅವನು ಎಡಕ್ಕೆ ಟಚ್‌ಗೆ ಹೋದವನಂತೆ ನಟಿಸಿ, ಸರಪಳಿ ಅತ್ತ ಸರಿದ ಕ್ಷಣದಲ್ಲಿ ಬಲಗಾಲನ್ನು ಬೋನಸ್ ಗೆರೆಯ ಆಚೆ ಇಟ್ಟು, ಹಿಂದಿನ ಕಾಲನ್ನು ಎತ್ತಿ ತೋರಿಸಿ, ಓಡಿ ಬಂದ. ರೆಫ್ರಿ ಹೆಬ್ಬೆರಳು ಎತ್ತಿದರು. 30–29. ನಮ್ಮ ಕಾಲೇಜು ಸೆಮಿಫೈನಲ್ ಆಡಿದ್ದು ಅದೇ ಮೊದಲು ಅಂತ ಸರ್ ಹೇಳಿದರು.

ಸೆಮಿಫೈನಲ್ ಬಗ್ಗೆ ಉದ್ದ ಬರೆಯುವಂಥದ್ದೇನಿಲ್ಲ. ಎದುರಾಳಿ ತಂಡದಲ್ಲಿ ವಿ.ವಿ. ತಂಡಕ್ಕೆ ಆಡಿದ ಇಬ್ಬರಿದ್ದರು. 26–38. ಎರಡು ಸಲ ಲೋನಾ ತಿಂದೆವು. ಆದರೆ ಆ 26ರಲ್ಲಿ 14 ಕೋಟೆಯದೇ. ಒಂದೆರಡು ವಾರದ ನಂತರ ವಿ.ವಿ. ತಂಡದ ಆಯ್ಕೆಗೆ ಅವನಿಗೆ ಕರೆ ಬಂತು.

ಇಲ್ಲಿಂದ ಮುಂದಿನದು ಕೆಲಸ ಹುಡುಕುವವರು ಗಮನಿಸಬೇಕಾದ ಸಂಗತಿ. ಬಹುಮಾನ ವಿತರಣೆಗೆ ಬರುವ ಅತಿಥಿಗಳು ‘ಕ್ರೀಡೆಯಲ್ಲಿ ತೊಡಗಿಸಿಕೊಂಡರೆ ಸರ್ಕಾರಿ ಕೆಲಸ ಸಿಗುತ್ತದೆ’ ಅಂತ ಭಾಷಣ ಮಾಡುತ್ತಾರೆ. ಯಾವ ಮಟ್ಟದಲ್ಲಿ ಆಡಿದರೆ ಅನ್ನುವುದನ್ನು ಯಾರೂ ಹೇಳುವುದಿಲ್ಲ. ಕೇಂದ್ರ ಸರ್ಕಾರದ ಗ್ರೂಪ್ ‘ಸಿ’ ನೇರ ನೇಮಕಾತಿಯಲ್ಲಿ ಶೇ 5ರವರೆಗೆ ಕ್ರೀಡಾಪಟುಗಳನ್ನು ತೆಗೆದುಕೊಳ್ಳಲು ಅವಕಾಶವಿದೆ, ಆ ಆಟಗಳ ಪಟ್ಟಿಯಲ್ಲಿ ಕಬಡ್ಡಿಯೂ ಖೋ ಖೋ ಕೂಡ ಇವೆ. ವಿದ್ಯಾರ್ಥಿಗಳ ಮಟ್ಟಿಗೆ ಅರ್ಹತೆ ಎಂದರೆ ಅಂತರ ವಿಶ್ವವಿದ್ಯಾಲಯ ಟೂರ್ನಿಯಲ್ಲಿ ತನ್ನ ವಿಶ್ವವಿದ್ಯಾಲಯವನ್ನು ಪ್ರತಿನಿಧಿಸಿರಬೇಕು. ಅದಕ್ಕೆ ವಿ.ವಿ.ಯ ಕ್ರೀಡಾ ವಿಭಾಗದ ಮುಖ್ಯಸ್ಥರು ಸಹಿ ಮಾಡುವ ‘ಫಾರಂ–3’ ಬೇಕು. ರೈಲ್ವೆಯ ಮಾನದಂಡ ಇನ್ನೂ ಬಿಗಿ. ಅಂತರ ಕಾಲೇಜು ಪ್ರಮಾಣಪತ್ರ, ಅದು ಚಾಂಪಿಯನ್‌ನದೇ ಆಗಿರಲಿ, ಅಲ್ಲಿ ನಡೆಯುವುದಿಲ್ಲ. ಅಂದರೆ ವಲಯ ಗೆದ್ದ ತಂಡದ 12 ಮಂದಿಯಲ್ಲಿ ಹನ್ನೊಂದು ಜನರ ಕೈಗೆ ಬರುವುದು ಫೈಲಿನಲ್ಲಿ ಇಡುವ ಕಾಗದ ಮಾತ್ರ ಆಗಿರಬಹುದು.

ಕೋಟೆಗೆ ಇದೆಲ್ಲ ನಮಗಿಂತ ಮೊದಲೇ ಗೊತ್ತಿತ್ತು. ಅವನದು ಕೊನೆಯ ವರ್ಷ. ಮನೆಯಲ್ಲಿ ಎರಡು ಎಕರೆ ಹತ್ತಿ, ರಾಗಿ, ತಂಗಿ ಪಿಯುಸಿ. ಕ್ಯಾಂಪಸ್ ಇಂಟರ್‌ವ್ಯೂ ಇದ್ದ ವಾರವೇ ಆಯ್ಕೆ ಟ್ರಯಲ್ಸ್ ಬಂದಾಗ ಅವನು ಟ್ರಯಲ್ಸ್‌ಗೆ ಹೋದ. ಫೋನಿನಲ್ಲಿ ಅವನ ಅಪ್ಪ, ‘ಆಟ ಅನ್ನ ಹಾಕ್ತದೇನ್ ಮಗ?’ ಅಂದಿದ್ದರಂತೆ. ‘ಹಾಕ್ತದೋ ಇಲ್ವೋ ಅಂತ ನೋಡಕ್ಕೇ ಹೋಗ್ತಾ ಇದೀನಪ್ಪ’ ಅಂದನಂತೆ ಇವನು.

ಅಂತಿಮ ಪಟ್ಟಿಯಲ್ಲಿ 12 ಹೆಸರು, ಕೆಳಗೆ ಇಬ್ಬರು ಸ್ಟ್ಯಾಂಡ್‌ಬೈ. ಕೋಟೆ ಸ್ಟ್ಯಾಂಡ್‌ಬೈ ಮೊದಲನೆಯವನು. ಆಯ್ಕೆ ತಪ್ಪು ಅಂತ ನಾನು ಹೇಳುವುದಿಲ್ಲ, ಅವನೂ ಹೇಳಲಿಲ್ಲ. ಅಲ್ಲಿದ್ದ ರೈಡರ್‌ಗಳು ಹೈಸ್ಕೂಲಿನಿಂದ ಮ್ಯಾಟ್ ಮೇಲೆ ಆಡಿದವರು, ತಿರುಗುವುದರಲ್ಲಿ ಅವನಿಗಿಂತ ಒಂದು ಹೆಜ್ಜೆ ಮುಂದು. ದಕ್ಷಿಣ ವಲಯದ ಅಂತರ ವಿ.ವಿ. ಟೂರ್ನಿಗೆ ತಂಡ ಹೊರಟ ದಿನದವರೆಗೂ ಅವನು ಬ್ಯಾಗು ತುಂಬಿಟ್ಟುಕೊಂಡೇ ಇದ್ದ. ಯಾರಿಗೂ ಗಾಯವಾಗಲಿಲ್ಲ, ಕರೆ ಬರಲಿಲ್ಲ. ‘ಯಾರ್ಗಾದ್ರೂ ಕಾಲ್ ಉಳುಕ್ಲಿ ಅಂತ ಬೇಡ್ಕೊಳೋಕೂ ಮನಸ್ಸು ಬರಲ್ಲ ಕಣ್ಲಾ’ ಅಂದ. ಆ ಮಾತು ಕೇಳಿ ನಾವು ಮೂವರೂ ಸುಮ್ಮನಾದೆವು.

ನಮ್ಮದೇ ಜಿಲ್ಲೆಯಲ್ಲಿ ಇದಕ್ಕಿಂತ ಬಹಳ ಎತ್ತರಕ್ಕೆ ಹೋದವರಿದ್ದಾರೆ. ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ಗೆದ್ದ ಭಾರತ ತಂಡದಲ್ಲಿದ್ದರು. ಫೈನಲ್‌ನಲ್ಲಿ ನೇಪಾಳದ ವಿರುದ್ಧ 78–40. ಮಹಾರಾಷ್ಟ್ರ ತನ್ನ ಆಟಗಾರರಿಗೆ ತಲಾ 2.25 ಕೋಟಿ ರೂಪಾಯಿ ಮತ್ತು ಸರ್ಕಾರಿ ಕೆಲಸ ಘೋಷಿಸಿತು. ನಮ್ಮ ರಾಜ್ಯ ಘೋಷಿಸಿದ್ದು 5 ಲಕ್ಷ. ಚೈತ್ರಾ ಮತ್ತು ಪುರುಷರ ತಂಡದ ಎಂ.ಕೆ. ಗೌತಮ್ ಅದನ್ನು ಬೇಡ ಅಂದರು. ಆ ಸುದ್ದಿ ಓದಿದಾಗ ಕೋಟೆಯ ಅಪ್ಪನ ಪ್ರಶ್ನೆಯೇ ನನಗೆ ನೆನಪಾದದ್ದು.

ಹಾಗಾದರೆ ಕಾಲೇಜು ಕಬಡ್ಡಿ ಆಡಬಾರದಾ? ಆಡುತ್ತಾ ಇದ್ದೇನೆ. ಆದರೆ ಲೆಕ್ಕ ಗೊತ್ತಿದ್ದು ಆಡುವುದು ಬೇರೆ. ವಿಟಿಯುನಲ್ಲಿ ಮೂರರಿಂದ ಆರನೇ ಸೆಮಿಸ್ಟರ್‌ವರೆಗೆ ಎನ್‌ಎಸ್‌ಎಸ್, ದೈಹಿಕ ಶಿಕ್ಷಣ, ಯೋಗ ಇವುಗಳಲ್ಲಿ ಒಂದು ಕಡ್ಡಾಯ, ಆದರೆ ಕ್ರೆಡಿಟ್ ಇಲ್ಲ. ಹಾಜರಾತಿ ಶೇ 85 ಬೇಕು. ಟೂರ್ನಿಗೆ ಹೋಗುವ ಮುನ್ನವೇ ಪ್ರಾಂಶುಪಾಲರಿಂದ ಲಿಖಿತ ಅನುಮತಿ ತೆಗೆದುಕೊಂಡಿದ್ದರೆ ಕೊರತೆ ಬಿದ್ದಾಗ ವಿನಾಯಿತಿ ಕೇಳಲು ಒಂದು ಆಧಾರ ಇರುತ್ತದೆ. ಬಾಯಿಮಾತಿನ ‘ಹೋಗಿ ಬನ್ರಪ್ಪಾ’ ಲೆಕ್ಕಕ್ಕಿಲ್ಲ. ವಿ.ವಿ. ತಂಡದ ಆಸೆ ಇರುವವರು ಮೊದಲ ವರ್ಷದಿಂದಲೇ ಎಲ್ಲಾದರೂ ಮ್ಯಾಟ್ ಹುಡುಕಿಕೊಳ್ಳಬೇಕು. ಕೊನೆಯ ವರ್ಷಕ್ಕೆ ಅದು ತಡ.

ದಸರಾ ಕ್ರೀಡಾಕೂಟ ಬಂದಾಗ ನಾವು ನಾಲ್ವರೂ ಬೇರೆ ಬೇರೆ. ಅಲ್ಲಿ ಆಡುವುದು ತಾಲ್ಲೂಕಿನ ಪರವಾಗಿ. ಕಳೆದ ಸಲ ಜಿಲ್ಲಾ ಮಟ್ಟದಲ್ಲಿ ಕೋಟೆ ನನ್ನ ಕಾರ್ನರ್‌ಗೇ ಬಂದು ಎರಡು ಸಲ ಟಚ್ ತೆಗೆದುಕೊಂಡು ಹೋದ. ಹೋಗುವಾಗ ನಕ್ಕ. ಮೂರನೇ ಸಲ ಬಿಡಲಿಲ್ಲ, ಕಾಲು ಹಿಡಿದು ಕೂರಿಸಿದೆ.

ಈಗ ಅವನು ಬೆಂಗಳೂರಿನ ಕಂಪನಿಯೊಂದರಲ್ಲಿ ಟ್ರೈನಿ. ಭಾನುವಾರ ಪಿಎಸ್ಐ ಪರೀಕ್ಷೆಗೆ ಓದುತ್ತಾನೆ, ಓಟ ಬಿಟ್ಟಿಲ್ಲ. ಅವನ ಜಾಗಕ್ಕೆ ಮೊದಲ ವರ್ಷದ ಹುಡುಗನೊಬ್ಬ ಬಂದಿದ್ದಾನೆ, ಸರಗೂರಿನವನು. ತಾಲ್ಲೂಕು ಬೇರೆಯಾಗಿರುವುದರಿಂದ ಅವನನ್ನು ‘ಕೋಟೆ’ ಅನ್ನುವಂತಿಲ್ಲ ಎಂದು ಪಟ್ಣ ವಾದ ಮಾಡುತ್ತಿದ್ದಾನೆ. ಹುಡುಗ ಎಡಗಾಲಿನ ರೈಡರ್. ಅವನಿಗೆ ಶೂ ಕೊಡಿಸಬೇಕು, ತಲಾ ನೂರು ರೂಪಾಯಿ ಹಾಕಿದ್ದೇವೆ. ಬೆಂಗಳೂರಿನಿಂದ ಕೋಟೆ ಐನೂರು ಕಳಿಸಿದ್ದಾನೆ. ವಲಯ ಟೂರ್ನಿಯ ದಿನಾಂಕ ಇನ್ನೂ ಬಂದಿಲ್ಲ.