ಕುಣಿಮಗ್ಗದ ಮುಂದೆ ನಮ್ಮ ಮಧ್ಯಾಹ್ನ

ಇಲಕಲ್ಲ ಸೀರೆ ಇಲಕಲ್ಲಿನಲ್ಲಷ್ಟೇ ನೇಯುತ್ತಾರೆಂದು ಬೈಲಹೊಂಗಲ, ಕಿತ್ತೂರು ಕಡೆಯ ಎಷ್ಟೋ ಗೆಳತಿಯರು ತಿಳಿದಿದ್ದಾರೆ. ನಮ್ಮ ರಾಮದುರ್ಗ, ಸುರೇಬಾನದ ಓಣಿಗಳಲ್ಲೂ ಆ ಮಗ್ಗಗಳಿವೆ. ಕೆಂಪು ಸೆರಗಿನ ‘ತೋಪ ತೆನಿ’ಯನ್ನು ನಾವೆಲ್ಲ ಹೆಮ್ಮೆಯಿಂದ ಹೊದೆಯುತ್ತೇವೆ. ಆದರೆ ಒಡಲಿನ ಹಾಸಿಗೆ ಸೆರಗಿನ ಹಾಸನ್ನು ಎಳೆ ಎಳೆಯಾಗಿ ಕೊಂಡಿ ಹಾಕಿ ಜೋಡಿಸುತ್ತಾರೆಂಬುದು ಯಾರ ಲಕ್ಷ್ಯಕ್ಕೆ ಬರುತ್ತದೆ?

ಕುಣಿಮಗ್ಗವೆಂದರೆ ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತು ನೇಯುವ ಮಗ್ಗ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಬಂದಾಗ ನೇಕಾರರ ಮನೆಗಳಿಗೆ ನೀರು ಹೊಕ್ಕಿತು. ಮೊದಲು ತುಂಬಿದ್ದು ಆ ಕುಣಿಗಳೇ. ಹೊಳೆ ಇಳಿದರೂ ಕುಣಿಯಲ್ಲಿ ಜಲ ಒಸರುತ್ತಿದ್ದರೆ ಮಗ್ಗ ಹೂಡಲಿಕ್ಕಾಗದು. ಊರೂರಿನಿಂದ ಹಳೇ ಸೀರೆಯ ಗಂಟುಗಳು ಬಂದವು. ಅವನ್ನು ನೋಡಿ ಒಬ್ಬ ನೇಕಾರ ಅಜ್ಜಿ, “ಅರಿವಿ ನೇಯೋರಿಗೆ ಅರಿವಿ ಕೊಟ್ಟರ ಏನ್ ಮಾಡೂದವ್ವಾ? ನೂಲು ಕೊಡ್ರಿ, ನೇಯ್ತೀವಿ” ಅಂದಳು.

ಆ ಮಾತು ನಮ್ಮ ಭಜನಾ ಮಂಡಳಿಯವರ ಮನಸ್ಸಿಗೆ ನಾಟಿತು. ವರ್ಗಣಿ ಕೂಡಿಸಿ ಹತ್ತಿ ನೂಲು ತಂದೆವು. ಕಲಿಸುವ ಅಜ್ಜಿಗೆ ಕೂಲಿ, ನಾವು ನೇಯ್ದದ್ದು ದಾನಕ್ಕೆ ಎಂದು ಗೊತ್ತುಮಾಡಿಕೊಂಡೆವು. ಇದು ನಮ್ಮ ಜಿಲ್ಲೆಗೆ ತೀರ ಹೊಸದೇನಲ್ಲ. 1937ರಲ್ಲಿ ಗಾಂಧೀಜಿ ಬಂದುಹೋದ ಹುದಲಿ ಇಲ್ಲೇ ಇದೆ, ‘ಖಾದಿ ಭಗೀರಥ’ ಗಂಗಾಧರರಾವ ದೇಶಪಾಂಡೆಯವರ ಊರು.

ಅಜ್ಜಿ ನಮ್ಮನ್ನು ಮೊದಲ ದಿನವೇ ಮಗ್ಗಕ್ಕೆ ಕೂಡಿಸಲಿಲ್ಲ. ಹದಿನೈದು ದಿನ ರಾಟಿ ತಿರುವಿ ಕಂಡಿಕೆ ಸುತ್ತುವುದೇ ಕೆಲಸ. ಮನೆಮನೆಯಲ್ಲಿ ಇದನ್ನು ಮಾಡುವವರು ಹೆಂಗಸರೇ. ಸೀರೆಯ ಕೂಲಿ ಎಣಿಸುವಾಗ ಮಾತ್ರ ಈ ದುಡಿಮೆ ಲೆಕ್ಕಕ್ಕೆ ಸಿಗುವುದಿಲ್ಲ! (ನಮ್ಮ ಅಡಿಗೆಮನೆಯ ಕೆಲಸದ ಹಾಗೆಯೇ ಅನ್ನಿ.) ಆಮೇಲೆ ಲಾಳಿ ಕೈಗೆ ಬಂತು. ಕಾಲು ತುಳಿದಾಗ ಹಾಸಿನ ಎಳೆಗಳು ಬಾಯಿ ಬಿಡುತ್ತವೆ, ಲಾಳಿ ಹೊಕ್ಕಿನ ನೂಲನ್ನು ಹೊತ್ತು ಓಡುತ್ತದೆ, ಹಣಿಗೆಯಿಂದ ಬಡಿಯಬೇಕು. ಹೊಕ್ಕನ್ನು ಬಿಗಿಯಾಗಿ ಎಳೆದರೆ ಬಟ್ಟೆಯ ಅಗಲ ಕಿರಿದಾಗುತ್ತ ಹೋಗುತ್ತದೆ. ಅದಕ್ಕೆ ಅಜ್ಜಿಯದು ಒಂದೇ ಮಾತು: “ಸಡ್ಲ ಬಿಡವ್ವಾ, ನೂಲಿಗೂ ಉಸಿರು ಬೇಕು.”

ಕಲಿಯುವವರು ಸೀರೆಗೆ ಕೈ ಹಾಕಬಾರದು. ಟವೆಲ್ಲು, ಎಳೆಗೂಸಿಗೆ ಸುತ್ತುವ ಬಟ್ಟೆ, ಇಷ್ಟು ಸಾಕು. ಕೂಸಿನ ಬಟ್ಟೆಯನ್ನು ಮಗ್ಗದಿಂದ ಇಳಿಸಿದ ಹಾಗೇ ಕೊಡಬೇಡಿರಿ, ನೂಲಿಗೆ ಹಾಕಿದ ಗಂಜಿ ಅದರಲ್ಲಿರುತ್ತದೆ. ರಾತ್ರಿಯಿಡೀ ತಣ್ಣೀರಲ್ಲಿ ನೆನೆಹಾಕಿ, ಎರಡು ಮೂರು ಸಲ ಒಗೆದು, ಬಿಸಿಲಿಗೆ ಒಣಗಿಸಿದರೆ ಮೆತ್ತಗಾಗುತ್ತದೆ.

ನಮ್ಮ ಮೊದಲ ಹಾಸಿನ ಟವೆಲ್ಲುಗಳು ಸವದತ್ತಿ ಕಡೆಯ ಒಂದು ವೃದ್ಧಾಶ್ರಮ ಸೇರಿದವು. ಎರಡನೆಯದು ಬಾಣಂತಿಯರಿಗೆ. ಅದರ ಕಂಡಿಕೆ ಸುತ್ತುವುದು ಈಗ ನಡೆದಿದೆ.