ಒಲೆ, ಒನಕೆ, ಒಡನಾಟ

“ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ” ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಊಟವನ್ನೂ ಮಾತನ್ನೂ ಒಂದೇ ಉಸಿರಿನಲ್ಲಿ ಹೇಳಿದ ನಮ್ಮ ಹಿರಿಯರು ಮೈದುಡಿಮೆಯ ಹೆಸರನ್ನು ಮಾತ್ರ ಎತ್ತಲಿಲ್ಲ. ಅದನ್ನು ಬೇರೆಯಾಗಿ ಬೋಧಿಸುವ ಅಗತ್ಯವೇ ಅಂದು ಇರಲಿಲ್ಲ. ಇಂದಾದರೋ ಹೊಳಲ್ಕೆರೆಯಂತಹ ತಾಲ್ಲೂಕು ಕೇಂದ್ರದ ಗೃಹಿಣಿಯ ಮುಂದೆ ಈ ಮೂರೂ ಬೇರೆ ಬೇರೆಯಾಗಿ ನಿಂತಿವೆ. ಊಟಕ್ಕೆ ಅಡಿಗೆಮನೆ, ಮೈಗೆ ಜಿಮ್ಮಿನ ತರಗತಿ, ಗೆಳೆತನಕ್ಕೆ ಮೊಬೈಲು. ದಿನಕ್ಕೆ ಮಾತ್ರ ಅಂದಿಗೂ ಇಂದಿಗೂ 24 ಗಂಟೆಗಳೇ!

ಮೂರೂ ಒಂದಾಗಿದ್ದ ಕಾಲ

ಬಯಲುಸೀಮೆಯ ಮನೆಗಳಲ್ಲಿ ಬೆಳಗಿನ ಜಾವಕ್ಕೆ ಮುನ್ನವೇ ಬೀಸುಕಲ್ಲಿನ ಸದ್ದು ಏಳುತ್ತಿತ್ತು. ಅತ್ತೆ ಸೊಸೆಯರೋ ಓರಗಿತ್ತಿಯರೋ ಎದುರುಬದುರಾಗಿ ಕುಳಿತು ಒಂದೇ ಗೂಟಕ್ಕೆ ಕೈಹಾಕಿ ರಾಗಿ ಬೀಸುವರು; ಬೇಸರ ಕಳೆಯಲು ಹಾಡುವರು. ಹಿಟ್ಟಿನೊಡನೆ ತೋಳಿಗೆ ಕಸುವೂ ಮನಸ್ಸಿಗೆ ಜೊತೆಯೂ ದೊರೆಯುತ್ತಿದ್ದವು. ನೀರು ಸೇದುವ ಬಾವಿಯ ಕಟ್ಟೆ ಹೆಂಗಸರ ಪಾಲಿಗೆ ಸಭಾಮಂಟಪವಾಗಿತ್ತು. ಸುಖದುಃಖ, ಹಾಸ್ಯ, ಚಾಡಿ, ಎಲ್ಲವೂ ಕೊಡ ತುಂಬುವಷ್ಟರಲ್ಲಿ ಮುಗಿಯಬೇಕು.

ನಮ್ಮ ಜಿಲ್ಲೆಯ ಹೆಮ್ಮೆಯ ಓಬವ್ವನನ್ನೇ ನೆನೆಯಿರಿ. ಕಾವಲುಗಾರನಾದ ಗಂಡ ಊಟಕ್ಕೆ ಕುಳಿತಿದ್ದಾನೆ. ಅವನಿಗೆ ನೀರು ತರಲು ಹೋದ ಹೆಂಡತಿ ಕೋಟೆಯ ಕಿಂಡಿಯಲ್ಲಿ ನುಸುಳುವ ಹೈದರಾಲಿಯ ಸೈನಿಕರನ್ನು ಕಾಣುತ್ತಾಳೆ. ಒನಕೆ ಹಿಡಿದು ಒಬ್ಬೊಬ್ಬರನ್ನೇ ಕೆಡಹುತ್ತಾಳೆ. ಆ ತೋಳು ಯಾವ ಗರಡಿಯಲ್ಲಿಯೂ ಪಳಗಿದ್ದಲ್ಲ. ಗರಡಿಮನೆಯ ಕೆಮ್ಮಣ್ಣು ಗಂಡಸರ ಸ್ವತ್ತಾಗಿತ್ತು. ಓಬವ್ವನ ಕೈಗೆ ಸಿಕ್ಕ ಆಯುಧ ಮನೆಯ ಒನಕೆಯೇ. 2021ರಿಂದ ನವೆಂಬರ್ 11ರಂದು ರಾಜ್ಯ ಸರ್ಕಾರ ಆಕೆಯ ಜಯಂತಿಯನ್ನು ಆಚರಿಸುತ್ತಿದೆ.

ಹಾಗೆಂದು ಆ ಕಾಲವನ್ನು ಹೊಗಳುವಾಗ ನಾಲಗೆಗೆ ಕೊಂಚ ಹಿಡಿತವಿರಲಿ. ಜ್ವರ ಬಂದವಳೂ ಬೀಸಬೇಕಾಗಿತ್ತು, ಬಸುರಿಯೂ ಕೊಡ ಹೊರಬೇಕಾಗಿತ್ತು. ಹಿಟ್ಟಿನ ಗಿರಣಿಯೂ ನಲ್ಲಿಯೂ ಊರಿಗೆ ಬಂದ ದಿನ ಅತ್ತ ಹೆಂಗಸನ್ನು ಯಾರೂ ಕಂಡಿರಲಾರರು.

ಉಳಿದ ಸಮಯ ಎಲ್ಲಿ ಹೋಯಿತು?

ಮಿಕ್ಸಿ, ಕುಕ್ಕರು, ಗ್ಯಾಸಿನ ಒಲೆ ಇವೆಲ್ಲ ಬಂದ ಮೇಲೆ ಗೃಹಿಣಿಗೆ ಧಾರಾಳ ಬಿಡುವಿದೆಯೆಂದು ಗಂಡಸರು ತಿಳಿದಿದ್ದಾರೆ. ಲೆಕ್ಕ ಬೇರೆಯೇ ಹೇಳುತ್ತದೆ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯಂತೆ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ಅದಕ್ಕಾಗಿ ದಿನಕ್ಕೆ ಸರಾಸರಿ 289 ನಿಮಿಷ ವ್ಯಯಿಸುತ್ತಾರೆ. ಅದರಲ್ಲಿ ತೊಡಗುವ ಗಂಡಸರು 88 ನಿಮಿಷ. ಇನ್ನೊಂದು ಲೆಕ್ಕ ಇದಕ್ಕಿಂತ ವಿಚಿತ್ರ. ‘ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್’ ಪತ್ರಿಕೆ 2024ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, 2022ರಲ್ಲಿ ಭಾರತದ ವಯಸ್ಕ ಸ್ತ್ರೀಯರಲ್ಲಿ ನೂರಕ್ಕೆ 57 ಮಂದಿಗೆ ಸಾಕಷ್ಟು ದೈಹಿಕ ಚಟುವಟಿಕೆಯಿರಲಿಲ್ಲ. ಪುರುಷರಲ್ಲಿ 42 ಮಂದಿಗೆ. ಅಂದರೆ, ದಣಿವು ಮನೆಯಲ್ಲೇ ಉಳಿಯಿತು, ವ್ಯಾಯಾಮ ಮಾತ್ರ ಮನೆಬಿಟ್ಟು ಹೋಯಿತು!

ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷಗಳ ಮಧ್ಯಮ ಪ್ರಮಾಣದ ವ್ಯಾಯಾಮ ಬೇಕೆಂದೂ, ವಾರದಲ್ಲಿ ಎರಡು ದಿನವಾದರೂ ಸ್ನಾಯುಗಳನ್ನು ಬಲಪಡಿಸುವ ಸಾಧನೆ ಬೇಕೆಂದೂ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಐದು ದಿನ ಅರ್ಧ ಗಂಟೆಯ ಚುರುಕು ನಡಿಗೆಯಾದರೆ ಮೊದಲ ಭಾಗ ಪೂರೈಸಿತು. ಹೊಳಲ್ಕೆರೆಯವರು ತಲೆಯ ಮೇಲೆ ಸೂರಿಲ್ಲದೆ ಕುಳಿತ ಬಯಲು ಗಣಪತಿಯವರೆಗೆ ನಡೆದು ಬಂದರೆ ಪುಣ್ಯವೂ ಉಂಟು, ಪುರುಷಾರ್ಥವೂ ಉಂಟು. ಎರಡನೆಯ ಭಾಗಕ್ಕೆ ಜಿಮ್ಮಿನ ತರಗತಿ ಒಳ್ಳೆಯದು. ಮುಟ್ಟು ನಿಂತ ಮೇಲೆ ಸ್ತ್ರೀಯರ ಮೂಳೆ ಬೇಗ ಸವೆಯುತ್ತದೆ. ಭಾರ ಎತ್ತುವ ಅಭ್ಯಾಸ ಅದಕ್ಕೆ ತಡೆ. ಮಂಡಿನೋವು, ರಕ್ತದೊತ್ತಡ ಇದ್ದವರು ಮೊದಲು ವೈದ್ಯರನ್ನು ಕೇಳಬೇಕು.

ಜಿಮ್ಮಿಗೆ ಸೇರಿದೊಡನೆ ಡಬ್ಬಿಯ ಪುಡಿಗಳಿಗೆ ಹಣ ಸುರಿಯಬೇಕಾಗಿಲ್ಲ. 100 ಗ್ರಾಂ ರಾಗಿಯಲ್ಲಿ ಸುಮಾರು 340 ಮಿಲಿಗ್ರಾಂ ಸುಣ್ಣದ ಸತ್ವವಿದೆ. ಮುದ್ದೆ, ಹುರುಳಿಕಾಳಿನ ಸಾರು, ಸೊಪ್ಪಿನ ಪಲ್ಯ, ಒಂದು ಲೋಟ ಮಜ್ಜಿಗೆ ಸೇರಿದರೆ ಅದು ವ್ಯಾಯಾಮ ಮಾಡುವವರಿಗೂ ಸಾಲುವ ಊಟವೇ.

ದೂರದ ಗೆಳೆತನ

ಕಣ್ಣೆದುರಿಲ್ಲದವರೊಡನೆ ಸಂಪರ್ಕವೆಂದರೆ ಹುಬ್ಬೇರಿಸುವ ಹಿರಿಯರಿದ್ದಾರೆ. ಆದರೆ ಅದು ಹೊಸದೇನೂ ಅಲ್ಲ. ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳನ್ನು ಬರೆದ ಕೆ. ವಿ. ಅಯ್ಯರ್ ಬೆಂಗಳೂರಿನಲ್ಲಿ ವ್ಯಾಯಾಮಶಾಲೆಯನ್ನು ನಡೆಸುತ್ತಿದ್ದರಷ್ಟೆ. ಊರಾಚೆಯ ಶಿಷ್ಯರಿಗೆ ಅವರು ಅಂಚೆಯ ಮೂಲಕವೇ ಅಂಗಸಾಧನೆಯ ಪಾಠ ಕಲಿಸಿದರು. ಅಂಚೆಯ ಕೆಲಸವನ್ನು ಇಂದು ಮೊಬೈಲು ವಹಿಸಿಕೊಂಡಿದೆ, ಅಷ್ಟೆ. ಮದುವೆಯಾಗಿ ಊರೂರಿಗೆ ಚದುರಿದ ಶಾಲೆಯ ಗೆಳತಿಯರು ಸಂಜೆಗೊಮ್ಮೆ ಅದರಲ್ಲಿ ಕೂಡುತ್ತಾರೆ. ಒಬ್ಬಳ ಹೋಳಿಗೆ ಹರಿದ ಚಿತ್ರ, ಇನ್ನೊಬ್ಬಳ ನಗೆಹನಿ, ಮತ್ತೊಬ್ಬಳ “ಇವತ್ತು ನಡೆದೆಯೇನೇ?” ಎಂಬ ವಿಚಾರಣೆ. ಬಾವಿಕಟ್ಟೆಯೇ ಅಂಗೈಗೆ ಇಳಿದು ಬಂದಂತೆ.

ಆದರೆ ಬಾವಿಕಟ್ಟೆಯ ಮಾತಿಗೆ ಕೊಡ ತುಂಬುವ ಮಿತಿಯಿತ್ತು; ಮೊಬೈಲಿನ ಮಾತಿಗೆ ಆ ಮಿತಿಯನ್ನು ನಾವೇ ಹಾಕಿಕೊಳ್ಳಬೇಕು. ಒಲೆಯ ಮುಂದೆ ಅದು ಬೇಡ, ಹಾಸಿಗೆಯಲ್ಲಿಯೂ ಬೇಡ. ಮುಖ ಕಾಣದ ಹೊಸ ಪರಿಚಿತರೊಡನೆ ನಗೆಮಾತು ಸಾಕು. ಹಣ, ಬ್ಯಾಂಕಿನ ಗುಟ್ಟಿನ ಸಂಖ್ಯೆ, ಸ್ವಂತ ಚಿತ್ರ ಕೇಳಿದೊಡನೆ ಗೆಳೆತನ ಮುಗಿಯಿತೆಂದೇ ತಿಳಿಯಿರಿ. ಹಣ ಕಳೆದುಕೊಂಡವರು ತಡಮಾಡದೆ 1930ಕ್ಕೆ ಕರೆಮಾಡಬೇಕು. ಇನ್ನೊಂದು ಮಾತು: ಜ್ವರ ಬಂದ ದಿನ ಗಂಜಿ ತರುವವಳು ಪಕ್ಕದ ಮನೆಯಾಕೆ. ಅವಳನ್ನು ಮರೆತು ನೂರು ಮಂದಿಯನ್ನು ಗಳಿಸಿದರೆ ಲಾಭವೇನು?

ಅರ್ಧ ಗಂಟೆಯ ದಾನವಲ್ಲ

ಇಷ್ಟೆಲ್ಲ ಓದಿದ ಗೃಹಿಣಿ, “ಮಾತೇನೋ ಚೆನ್ನಾಗಿದೆ, ಸಮಯವನ್ನು ಎಲ್ಲಿಂದ ತರಲಿ?” ಎಂದು ಕೇಳಿಯಾಳು. ನ್ಯಾಯವಾದ ಪ್ರಶ್ನೆ. ಬೆಳಿಗ್ಗೆಯೇ ಎರಡು ಹೊತ್ತಿಗಾಗುವಷ್ಟು ಸಾರು ಮಾಡುವುದು, ರಾತ್ರಿಯೇ ಕಾಳು ನೆನೆಹಾಕುವುದು, ಇವು ಸಣ್ಣ ಉಪಾಯಗಳು. ದೊಡ್ಡ ಉಪಾಯ ಮನೆಯ ಗಂಡಸರ ಕೈಯಲ್ಲಿದೆ. ಆ 289ಕ್ಕೂ 88ಕ್ಕೂ ನಡುವೆ ಇರುವ ಅಂತರದಿಂದ ಅರ್ಧ ಗಂಟೆ ಆಕೆಯ ಪಾಲಿಗೆ ಬಂದರೆ ಸಾಕು. ತರಕಾರಿ ಹೆಚ್ಚಲು ಮಗನಿಗೆ ಬರಲಿ. ಮುದ್ದೆ ತಿರುವಲು ಗಂಡನಿಗೆ ಬರಲಿ. ಕೋಲು ಹಿಡಿದು ಹಿಟ್ಟು ಗಂಟಿಲ್ಲದಂತೆ ತಿರುವುವುದಕ್ಕೆ ರಟ್ಟೆಯ ಬಲ ಬೇಕು ನಿಜ. ಗರಡಿಗಳ ನಾಡಿನಲ್ಲಿ ಹುಟ್ಟಿದವರಿಗೆ ಅದೇನು ಮಹಾ?

ಓಬವ್ವನ ಗಂಡ ಅಂದು ಊಟ ಮುಗಿಸುವಷ್ಟರಲ್ಲಿ ಆಕೆ ಕೋಟೆಯನ್ನೇ ಕಾಯ್ದಳು. ಇಂದಿನ ಗೃಹಿಣಿ ಕೇಳುತ್ತಿರುವುದು ತನ್ನ ಮೈಯನ್ನೂ ಮನಸ್ಸನ್ನೂ ಕಾಯ್ದುಕೊಳ್ಳಲು ಅರ್ಧ ಗಂಟೆ ಮಾತ್ರ. ಅಷ್ಟು ಹೊತ್ತು ನೀರನ್ನು ತಾವೇ ಬಗ್ಗಿಸಿಕೊಂಡು ಕುಡಿದರೆ ಗಂಡಸರ ಗಂಟೇನೂ ಹೋಗುವುದಿಲ್ಲ!