ಹಿರಿಯರ ಚೆಸ್: ಮೊಮ್ಮಕ್ಕಳ ಎದುರಲ್ಲ, ಓರಗೆಯವರ ಎದುರು

2011ರ ಜನವರಿ. ಜಿಬ್ರಾಲ್ಟರ್‌ನ ಚೆಸ್ ಪಂದ್ಯಾವಳಿಯಲ್ಲಿ 18ರ ಹರೆಯದ ಫ್ಯಾಬಿಯಾನೊ ಕರುವಾನಾ ಎದುರು ಕುಳಿತದ್ದು 79 ವರ್ಷದ ವಿಕ್ಟರ್ ಕೊರ್ಚ್ನೊಯ್. ಆ ಹುಡುಗ ಅಷ್ಟರಲ್ಲೇ ಜಗತ್ತಿನ ಮುಂಚೂಣಿಯ ಆಟಗಾರರಲ್ಲೊಬ್ಬ. 2018ರಲ್ಲಿ ವಿಶ್ವ ಚಾಂಪಿಯನ್ ಪಟ್ಟಕ್ಕಾಗಿ ಮ್ಯಾಗ್ನಸ್ ಕಾರ್ಲ್‌ಸನ್ ಜೊತೆ ಸೆಣಸಿದವನೂ ಅವನೇ. ಕಪ್ಪು ಕಾಯಿ ಹಿಡಿದಿದ್ದ ಅಜ್ಜ ಅಂದು ಗೆದ್ದರು. ಅದೇ ವರ್ಷ, 80 ತುಂಬಿದ ಮೇಲೆ, ಸ್ವಿಟ್ಜರ್‌ಲೆಂಡಿನ ರಾಷ್ಟ್ರೀಯ ಚಾಂಪಿಯನ್ ಕೂಡ ಆದರು.

ಆದರೆ ಎಲ್ಲರೂ ಕೊರ್ಚ್ನೊಯ್ ಅಲ್ಲ. ವಯಸ್ಸಾದಂತೆ ಮುಂದಿನ ನಡೆಗಳನ್ನು ಲೆಕ್ಕ ಹಾಕುವ ವೇಗ ತಗ್ಗುತ್ತದೆ. ನಾಲ್ಕು ಗಂಟೆ ಕುಳಿತ ಮೇಲೆ ಬೆನ್ನು ನೋಯುತ್ತದೆ, ಗೆಲ್ಲುವ ಆಟ ಒಂದು ತಪ್ಪು ನಡೆಯಲ್ಲಿ ಕೈತಪ್ಪುತ್ತದೆ. ಹಾಗೆಂದು ಆಟದ ತಿಳಿವಳಿಕೆ ಎಲ್ಲೂ ಹೋಗುವುದಿಲ್ಲ. ಹಿರಿಯರಿಗೆ ಪ್ರತ್ಯೇಕ ಪಂದ್ಯಾವಳಿ ಹುಟ್ಟಿಕೊಂಡದ್ದು ಈ ಕಾರಣಕ್ಕೆ.

ಮೊದಲ ವಿಶ್ವ ಹಿರಿಯರ ಚಾಂಪಿಯನ್‌ಷಿಪ್ 1991ರಲ್ಲಿ ಜರ್ಮನಿಯ ಬಾಡ್ ವೋರಿಸ್‌ಹೋಫೆನ್‌ನಲ್ಲಿ ನಡೆಯಿತು. ಜಲಚಿಕಿತ್ಸೆಗೆ ಹೆಸರಾದ ಊರದು. ಅಲ್ಲಿ ಗೆದ್ದವರು 70 ವರ್ಷದ ವಾಸಿಲಿ ಸ್ಮಿಸ್ಲೊವ್, ಅಂದರೆ 1957ರಲ್ಲಿ ವಿಶ್ವ ಚಾಂಪಿಯನ್ ಆಗಿದ್ದವರು. ಆರಂಭದಲ್ಲಿ ಪುರುಷರಿಗೆ 60, ಮಹಿಳೆಯರಿಗೆ 50 ವರ್ಷದ ಮಿತಿ ಇತ್ತು. 2014ರಿಂದ 50 ದಾಟಿದವರು ಮತ್ತು 65 ದಾಟಿದವರು ಎಂದು ಎರಡು ವಿಭಾಗಗಳಾದವು. ಲಾಟ್ವಿಯಾದ ಯಾನಿಸ್ ಕ್ಲೊವಾನ್ಸ್ 1997ರಲ್ಲಿ ಈ ಪಟ್ಟ ಗೆದ್ದು, ಅರುವತ್ತು ಕಳೆದ ಮೇಲೆ ಗ್ರ್ಯಾಂಡ್‌ಮಾಸ್ಟರ್ ಎನಿಸಿಕೊಂಡರು. ಗ್ರ್ಯಾಂಡ್‌ಮಾಸ್ಟರ್ ಆದ ಮೊದಲ ಮಹಿಳೆ, ಜಾರ್ಜಿಯಾದ ನೋನಾ ಗಪ್ರಿಂದಾಶ್ವಿಲಿ, 1995ರಲ್ಲಿ ಮೊದಲ ಸಲ ಹಿರಿಯರ ಪ್ರಶಸ್ತಿ ಪಡೆದರು. 2022ರಲ್ಲಿ, 81ರ ವಯಸ್ಸಿನಲ್ಲಿ, ಮತ್ತೊಮ್ಮೆ.

ನಮ್ಮ ವಿಶ್ವನಾಥನ್ ಆನಂದ್ ಹುಟ್ಟಿದ್ದು 1969ರಲ್ಲಿ. ಲೆಕ್ಕಕ್ಕೆ ಅವರೂ ಈಗ ‘ಹಿರಿಯ’ ಆಟಗಾರರೇ.

ಕನ್ನಡ ನಾಡಿನ ಹಿರಿಯರಿಗೆ ಈ ಆಟ ಹೊಸತೇನಲ್ಲ. 1831ರಲ್ಲಿ ಬ್ರಿಟಿಷರು ಆಡಳಿತ ಕಿತ್ತುಕೊಂಡ ಮೇಲೆ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಮಣೆಯಾಟಗಳಲ್ಲಿ ಮನಸ್ಸಿಟ್ಟರು. ಒಂದೇ ಕುದುರೆಯನ್ನು ಚದುರಂಗದ ಎಲ್ಲ ಮನೆಗಳಲ್ಲೂ ಒಂದೊಂದೇ ಸಲ ಓಡಿಸುವ ಬಗೆಗಳನ್ನು ರಚಿಸಿದರು. ಅವರ ‘ಶ್ರೀತತ್ತ್ವನಿಧಿ’ಯಲ್ಲಿ ಆಟಗಳಿಗೆಂದೇ ‘ಕೌತುಕನಿಧಿ’ ಎಂಬ ಭಾಗವಿದೆ. ತುಳುನಾಡಿನಲ್ಲಂತೂ ಆಟಿ ತಿಂಗಳ ಮಳೆಗೆ ಚೆನ್ನೆಮಣೆ ಹೊರಬರುತ್ತಿತ್ತು. 14 ಗುಳಿ, ಗುಳಿಗೆ ನಾಲ್ಕರಂತೆ 56 ಬೀಜ. ಅಜ್ಜಿಯರ ಕೈಚಳಕದ ಮುಂದೆ ಮಕ್ಕಳು ಸೋಲುತ್ತಿದ್ದರು.

ಚೆಸ್‌ನಲ್ಲಿ ಇಂದು ಇದು ತಿರುಗಾಮುರುಗಾ. ಸಾರ್ವಜನಿಕ ಪಂದ್ಯಾವಳಿಗಳಲ್ಲಿ ಮಕ್ಕಳದೇ ದಂಡು. ಅದೂ ಕಂಪ್ಯೂಟರ್ ಜೊತೆ ಅಭ್ಯಾಸ ಮಾಡಿ ಬಂದ ಮಕ್ಕಳು. ಹಿರಿಯರಿಗೆ ಸೋಲಿನ ಬೇಸರದ ಜೊತೆಗೆ ರೇಟಿಂಗ್‌ನ ಪೆಟ್ಟೂ ಬೀಳುತ್ತದೆ. 1700 ಅಂಕಗಳ ಹಿರಿಯರೊಬ್ಬರು 1500 ಅಂಕಗಳ ಬಾಲಕನಿಗೆ ಸೋತರೆಂದುಕೊಳ್ಳೋಣ. ಅಂತರರಾಷ್ಟ್ರೀಯ ಚೆಸ್ ಒಕ್ಕೂಟವಾದ ಫಿಡೆಯ ಸೂತ್ರದಂತೆ, 200 ಅಂಕ ಮೇಲಿರುವವರಿಂದ ಪ್ರತಿ ಆಟಕ್ಕೆ ಸರಾಸರಿ 0.76 ಅಂಕದ ನಿರೀಕ್ಷೆ ಇರುತ್ತದೆ. ಈ ನಿರೀಕ್ಷೆಗೂ ಫಲಿತಾಂಶಕ್ಕೂ ಇರುವ ಅಂತರವನ್ನು ಗುಣಿಸುವ ಗುಣಾಂಕ ವಯಸ್ಕರಿಗೆ ಸಾಮಾನ್ಯವಾಗಿ 20, ಹದಿನೆಂಟರೊಳಗಿನವರಿಗೆ 40. ಹಾಗಾಗಿ ಹಿರಿಯರು 15 ಅಂಕ ಕಳೆದುಕೊಂಡರೆ ಬಾಲಕ ಸುಮಾರು 30 ಅಂಕ ಗಳಿಸುತ್ತಾನೆ. ಬೆಳೆಯುವ ಮಕ್ಕಳ ನಿಜವಾದ ಬಲವನ್ನು ರೇಟಿಂಗ್ ಬೇಗ ಹಿಡಿಯಲಿ ಎಂಬುದು ಈ ನಿಯಮದ ಉದ್ದೇಶ, ಅದು ಸರಿಯೇ. ಆದರೆ ಆ ಬಲ ಅಂಕಪಟ್ಟಿಗೆ ಬರುವ ತನಕ ಎದುರು ಕೂತವರು ದಂಡ ತೆರುತ್ತಾರೆ. ಒಂದೆರಡು ಪಂದ್ಯಾವಳಿಗಳಲ್ಲಿ ಹೀಗಾದರೆ ಹಿರಿಯರು ಮಣೆ ಮಡಚಿ ಮನೆಯಲ್ಲೇ ಉಳಿಯುತ್ತಾರೆ.

ಇದನ್ನು ತಪ್ಪಿಸಲು ತುಳುನಾಡಿನ ಪುತ್ತೂರು, ಸುಳ್ಯ ಮತ್ತು ಆ ಎರಡು ತಾಲ್ಲೂಕುಗಳ ಹಳ್ಳಿಗಳನ್ನು ಸೇರಿಸಿ ರೂಪಿಸಿದ ಕಡಬದಲ್ಲಿ ಹಿರಿಯರ ಪಂದ್ಯಾವಳಿ ನಡೆಸುವುದು ಕಷ್ಟದ ಕೆಲಸವಲ್ಲ. ಶಾಲೆಗಳಿಗೆ ತಾಲ್ಲೂಕು ಮಟ್ಟದ ಚೆಸ್ ಸ್ಪರ್ಧೆ ಇರುವುದರಿಂದ ಮಣೆ, ಕಾಯಿಗಳ ಕೊರತೆಯಿಲ್ಲ. ನಿವೃತ್ತ ಮೇಷ್ಟ್ರು, ಬ್ಯಾಂಕಿನವರು, ತೋಟವನ್ನು ಮಕ್ಕಳ ಕೈಗಿತ್ತ ಅಡಿಕೆ ಬೆಳೆಗಾರರು, ಇಂಥವರಿಗೆ ಕರೆ ಹೋಗಬೇಕಷ್ಟೆ.

ಪಂದ್ಯ ಕಟ್ಟುವುದಕ್ಕೆ ಸ್ವಿಸ್ ಪದ್ಧತಿ ಸಾಕು. 1895ರಲ್ಲಿ ಜ್ಯೂರಿಕ್‌ನಲ್ಲಿ ಮೊದಲು ಬಳಸಿದ ಈ ಕ್ರಮದಲ್ಲಿ ಸೋತವರು ಹೊರಬೀಳುವುದಿಲ್ಲ. ಸಮಾನ ಅಂಕ ಪಡೆದವರು ಮುಂದಿನ ಸುತ್ತಿನಲ್ಲಿ ಎದುರಾಗುತ್ತಾರೆ. 32 ಆಟಗಾರರಿದ್ದರೆ ಐದು ಸುತ್ತು ಸಾಕು; ಐದನ್ನೂ ಗೆಲ್ಲುವವರು ಒಬ್ಬರಿಗಿಂತ ಹೆಚ್ಚು ಇರಲಾರರು. ಪ್ರತಿಯೊಬ್ಬರಿಗೆ 15 ನಿಮಿಷ, ನಡೆಗೆ 10 ಸೆಕೆಂಡ್ ಹೆಚ್ಚುವರಿ ಎಂದು ಗಡಿಯಾರ ಇಟ್ಟರೆ 60 ನಡೆಗಳ ಆಟವೂ 50 ನಿಮಿಷದಲ್ಲಿ ಮುಗಿಯುತ್ತದೆ. ಬೆಳಿಗ್ಗೆ ಹತ್ತಕ್ಕೆ ಆರಂಭಿಸಿದರೆ ಊಟ, ಚಹಾ ಎಲ್ಲ ಮುಗಿಸಿ ಸಂಜೆಯ ಬಸ್ಸು ಹಿಡಿಯಬಹುದು. ಆ ಹತ್ತು ಸೆಕೆಂಡನ್ನು ಮಾತ್ರ ಬಿಡಬಾರದು. ಕೈ ನಡುಗುವವರಿಗೆ, ಕನ್ನಡಕ ಸರಿಪಡಿಸಿಕೊಳ್ಳುವವರಿಗೆ ಅದೇ ಆಸರೆ.

ಮೊದಲ ಸುತ್ತಿಗೆ ಮುನ್ನ ಅರ್ಧ ಗಂಟೆ ನಿಯಮ ವಿವರಿಸುವುದೂ ಅಗತ್ಯ. ಹಳೆಯ ದೇಶೀ ಕ್ರಮದಲ್ಲಿ ಕಲಿತವರಿಗೆ ಕಾಲಾಳಿನ ಮೊದಲ ನಡೆ ಒಂದೇ ಮನೆ. ರಾಜ ಒಮ್ಮೆ ಕುದುರೆಯಂತೆ ಹಾರಬಹುದು. ಅಂತರರಾಷ್ಟ್ರೀಯ ನಿಯಮದಲ್ಲಿ ಕಾಲಾಳು ಮೊದಲಿಗೆ ಎರಡು ಮನೆ ಹೋಗಬಲ್ಲದು. ರಾಜನ ಹಾರಿಕೆಯ ಬದಲು ರಾಜ, ಆನೆ ಒಟ್ಟಿಗೆ ಜಾಗ ಬದಲಿಸುವ ಕ್ಯಾಸ್ಲಿಂಗ್ ಇದೆ. ಮುಟ್ಟಿದ ಕಾಯಿಯನ್ನೇ ನಡೆಸಬೇಕು. ನಡೆಗಳನ್ನು ಬರೆಯಬೇಕಾದ ದೀರ್ಘ ಪಂದ್ಯಗಳಲ್ಲಿ, ಬರೆಯಲಾಗದವರು ತೀರ್ಪುಗಾರರ ಒಪ್ಪಿಗೆಯಿಂದ ಸಹಾಯಕರನ್ನು ಇಟ್ಟುಕೊಳ್ಳಲು ಫಿಡೆ ನಿಯಮದಲ್ಲೇ ಅವಕಾಶವಿದೆ.

ಚೆಸ್ ಆಡಿದರೆ ಮರೆವು ಬರುವುದಿಲ್ಲವೇ ಎಂದು ಕೇಳುವವರಿದ್ದಾರೆ. ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ 75 ದಾಟಿದ 469 ಮಂದಿಯನ್ನು ಗಮನಿಸಿದ, 2003ರಲ್ಲಿ ಪ್ರಕಟವಾದ ಅಧ್ಯಯನವೊಂದು ಓದು, ಮಣೆಯಾಟ, ವಾದ್ಯ, ನೃತ್ಯಗಳಲ್ಲಿ ತೊಡಗಿದವರಲ್ಲಿ ಡಿಮೆನ್ಷಿಯಾ ಕಡಿಮೆ ಕಂಡಿತು ಎಂದಿದೆ. ಆದರೆ ಮರೆವು ಆಗಲೇ ಮೆಲ್ಲನೆ ಆರಂಭವಾದವರು ಆಟ ಬಿಟ್ಟಿರಲೂಬಹುದು. ಆದ್ದರಿಂದ ಚೆಸ್ಸನ್ನು ಔಷಧಿಯೆಂದು ಮಾರುವುದು ಬೇಡ. ಮನೆಯಿಂದ ಹೊರಟು, ಓರಗೆಯವರ ಜೊತೆ ಕೂತು, ಸೋಲು ಗೆಲುವಿನ ಬಿಸಿಯಲ್ಲಿ ಒಂದು ದಿನ ಕಳೆಯುವುದೇ ಸಾಕಷ್ಟು ಲಾಭ.

ಆಟಿಯ ಒಂದು ಭಾನುವಾರ ಇದಕ್ಕೆ ಹೊಂದುತ್ತದೆ. ಮಳೆಗೆ ಕರೆಂಟ್ ಹೋಗುವ ಕಾಲವಾದ್ದರಿಂದ ಜನರೇಟರ್ ಇರುವ ಸಭಾಭವನ, ಬೆನ್ನಿಗೆ ಆನಿಕೆಯ ಕುರ್ಚಿ, ಮೆಟ್ಟಿಲು ಹತ್ತಿಳಿಯದೆ ತಲುಪಬಹುದಾದ ಶೌಚಾಲಯ ಇರಬೇಕು. ಒಂದು ವರ್ಷ ಪುತ್ತೂರಿನಲ್ಲಿ, ಮರುವರ್ಷ ಸುಳ್ಯದಲ್ಲಿ, ಆಮೇಲೆ ಕಡಬದಲ್ಲಿ ಎಂದು ಸರದಿ ಹಾಕಿಕೊಂಡರೆ ಯಾರಿಗೂ ಹೊರೆಯಾಗದು. ಬಹುಮಾನ 50ರ ಮೇಲಿನವರಿಗೊಂದು, 65ರ ಮೇಲಿನವರಿಗೊಂದು ಇರಲಿ. ಮಹಿಳೆಯರಿಗೆ ಪ್ರತ್ಯೇಕವಾಗಿ ಇರಲಿ. ಮೂರು ಊರುಗಳ ಚೆಸ್ ತರಬೇತುದಾರರು, ನಿವೃತ್ತ ನೌಕರರ ಸಂಘಗಳು, ಯುವಕ ಮಂಡಲಗಳು ಒಟ್ಟು ಸೇರಿ ಮುಂದಿನ ಆಟಿಗೇ ಒಂದು ದಿನ ಗೊತ್ತುಮಾಡಲಿ.